ದೇವರ ಗಡಿಗೆಯ ಹುಣಸೆಬೀಜ

ಇವತ್ತು ಬೆಳಿಗ್ಗೆ ಜೋಳ ಹಸನು ಮಾಡುವಾಗ ಮೊರದಲ್ಲಿ ಒಂದು ಹುಣಸೆಬೀಜ ಸಿಕ್ಕಿತು ನೋಡಿ. ಎಸೆಯಲು ಎತ್ತಿದ ಕೈ ಹಾಗೆಯೇ ನಿಂತಿತು. ಈ ಬೀಜಕ್ಕೂ ನನಗೂ ಹಳೆಯ ನಂಟು.

ಬೆಟಗೇರಿಯ ನಮ್ಮ ಕ್ರೈಸ್ತರ ಓಣಿಯಲ್ಲಿ ಅಡುಗೆಗೆ ಮೊದಲು ಒಂದು ಹಿಡಿ ಜೋಳ ದೇವರ ಗಡಿಗೆಗೆ ಹಾಕುವ ರೂಢಿ. ಭಾನುವಾರ ಎಲ್ಲ ಗಡಿಗೆಗಳೂ ಚರ್ಚಿನ ಒಂದೇ ಚೀಲಕ್ಕೆ ಬೋರಲು. ಚೀಲ ಯಾವ ಬಡವರ ಮನೆಗೆ ಹೋಗುತ್ತದೆಂದು ಪಾಸ್ಟರಿಗಷ್ಟೇ ಗೊತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ನೂಲು ಸಿಗದೆ ಅಪ್ಪನ ಮಗ್ಗ ನಿಂತಿತು. ಎರಡಿದ್ದ ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ತಂಗಿ ಹಸಿವೆಗೆ ಅಳುತ್ತಿದ್ದಳು. ಅವ್ವ ಮಾತ್ರ ಗಡಿಗೆಗೆ ಹಿಡಿ ಹಾಕುವುದನ್ನು ಬಿಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ದೇವರಿಗೆ ಹಸಿವಿ ಐತೇನು?" ಎಂದೆ.

"ಅಂವಗಿಲ್ಲ. ನಮಗ ಐತಿ ಅನ್ನೂದು ಅಂವಗ ಗೊತ್ತೈತಿ. ನೀ ಸುಮ್ನ ಕುಂಡ್ರು," ಎಂದಳು ಅವ್ವ.

ಸುಮ್ಮನೆ ಕೂಡುವವಳೇ ನಾನು? ಅವಳು ನೀರಿಗೆ ಹೋದಾಗ ಗಡಿಗೆಯ ಜೋಳವನ್ನು ಮನೆಯ ಡಬ್ಬಿಗೆ ಸುರಿದೆ. ಹಗುರಾದೀತೆಂದು ಹುಣಸೆಬೀಜ ತುಂಬಿ, ಮೇಲೆ ನಾಲ್ಕು ಕಾಳು ಹರವಿದೆ. ಇಂಥದಕ್ಕೆಲ್ಲ ತಲೆ ಭಾರಿ ಓಡುತ್ತಿತ್ತು. ಮಗ್ಗಿ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಭಾನುವಾರ ಅವ್ವ ಗಡಿಗೆಯನ್ನು ಚೀಲದೊಳಗೆ ಬೋರಲು ಹಾಕಿದಳು. ಬೀಜ ಯಾರ ಕಣ್ಣಿಗೂ ಬೀಳಲಿಲ್ಲ. ಗೆದ್ದೆನೆಂದುಕೊಂಡೆ.

ಬುಧವಾರ ಡಬ್ಬಿಯೂ ಬರಿದಾಯಿತು. ಒಲೆ ಹೊತ್ತಲಿಲ್ಲ. ಅವ್ವ ಡಬ್ಬಿಯ ಮುಂದೆ ಕೂತು ಪ್ರಾರ್ಥಿಸಿದ್ದು ನೆರೆಮನೆಯವರ ಜೊತೆ ಮಾತಾಡಿದ ಹಾಗಿತ್ತು. "ತಂದೀ, ಹುಡುಗ್ರು ಹಸದಾವ. ನಿನಗ ಖಬರ ಐತಿ." ಅಷ್ಟೇ.

ಸಂಜೆ ಪಾಸ್ಟರು ಬಂದರು. ಹೆಗಲ ಮೇಲೆ ಅದೇ ಚೀಲ.

"ತಗೋರಿ, ಈ ವಾರ ಇದು ನಿಮ್ಮ ಮನಿಗಿ," ಎಂದು ಇಳಿಸಿ ಹೊರಟೇಬಿಟ್ಟರು.

ಅವ್ವ ಮೊರಕ್ಕೆ ಸುರಿದಳು. ಬಿಳಿಜೋಳ, ಕೆಂಪುಜೋಳ, ಸಜ್ಜೆ, ಎಲ್ಲ ನಮ್ಮಷ್ಟೇ ಬಡವರಾದ ಓಣಿಯವರ ಹಿಡಿಗಳು. ನಡುವೆ ನನ್ನ ಹುಣಸೆಬೀಜ. ಅವ್ವ ಅವನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಒಂದೊಂದಾಗಿ ಆರಿಸಿ ನನ್ನ ಅಂಗೈಗೆ ಹಾಕಿದಳು.

"ಇವನ್ನ ಕೊಟ್ಟಾಕಿಗೂ ಅಂವ ಜ್ವಾಳ ಕಳಿಸ್ಯಾನ. ಎದ್ದು ಒಲಿ ಹಚ್ಚು, ಜಲ್ದಿ."

ಎದ್ದು ಒಲೆ ಹಚ್ಚಿದೆ. ಆ ಹೊತ್ತು ರೊಟ್ಟಿ ತಿನ್ನುವಾಗ ದೇವರು ನಮ್ಮ ಪಂಕ್ತಿಯಲ್ಲೇ ಕೂತಿದ್ದಾನೆ ಅನಿಸಿ ನಾನು ತಲೆ ಎತ್ತಲಿಲ್ಲ. ಇಷ್ಟು ವರ್ಷವಾದರೂ ಆ ಬೆರಗು ಹೋಗಿಲ್ಲ.

ಹೋಗಿಲ್ಲ ಎನ್ನುತ್ತೇನೆ, ಆದರೆ ಯಜಮಾನರು ಹಾಸಿಗೆ ಹಿಡಿದ ಈ ಒಂದು ತಿಂಗಳಲ್ಲಿ ಹಿಡಿ ಎತ್ತಿಡುವುದನ್ನೇ ಬಿಟ್ಟಿದ್ದೆ. ಪ್ರಾರ್ಥನೆಯೂ ಬರೀ ಜಗಳವಾಗಿತ್ತು. ಇವತ್ತು ಬೀಜವನ್ನು ಸೆರಗಿಗೆ ಕಟ್ಟಿಕೊಂಡೆ. ಗಡಿಗೆಯ ಧೂಳು ಒರೆಸಿ ಒಂದು ಹಿಡಿ ಜೋಳ ಹಾಕಿದೆ.

"ತಂದೀ, ಮನ್ಯಾಗ ಹಿಂಗೈತಿ. ನಿನಗ ಖಬರ ಐತಿ," ಎಂದೆ.

ಆಮೇಲೆ ಒಲೆ ಹಚ್ಚಿ, ಅವರಿಗೆ ಗಂಜಿ ಇಟ್ಟೆ.