ಚಂದ್ರಭಾಗಾ ಹಿಡಿದ ಕೈ

ಮದುವೆಯಾಗಿ ಅಥಣಿ ಕಡೆಯಿಂದ ಮಿರಜಕ್ಕೆ ಬಂದ ಮೇಲೆ ಚಂದ್ರಭಾಗಾ ಗಂಡನ ಕೈಯಿಂದ ತಿಂದ ಪೆಟ್ಟುಗಳಿಗೆ ಲೆಕ್ಕವಿಲ್ಲ. ಸತ್ಯಪ್ಪ ಸಾಂಗಲಿ ಪೇಟೆಯಲ್ಲಿ ಅರಿಸಿನದ ಚೀಲ ಹೊರುವ ಹಮಾಲ. ಚೀಲ ಎತ್ತಿ ಮಿಕ್ಕ ಕಸುವನ್ನೆಲ್ಲ ಹೆಂಡತಿಯ ಮೇಲೆ ತೀರಿಸುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಏಟು, ಕಡಿಮೆಯಾದರೆ ಇನ್ನೊಂದು. ಒಮ್ಮೆ ಕಬ್ಬಿಣದ ಊದುಗೊಳವೆಯಿಂದ ಹೊಡೆದು ಅವಳ ಎಡ ಮಣಿಕಟ್ಟು ಮುರಿದ. ಅದು ಸೊಟ್ಟಗೇ ಕೂಡಿಕೊಂಡಿತು. ಓಣಿಯ ಜನ ಬಾಗಿಲ ಸಂದಿಯಿಂದ ನೋಡಿ, ಎಲ್ಲ ಮುಗಿದ ಮೇಲೆ ಬಂದು ಅರಿಸಿನ ಹಚ್ಚಿದರು. ಅಂಥ ಉಪಕಾರಕ್ಕೆ ಏನು ಹೇಳುವುದು!

ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ಕಲಸಿಯೇ ಅವಳು ಹೊಟ್ಟೆ ಹೊರೆದದ್ದು. ಅದಕ್ಕೂ ಮೊದಲು, ತವರಿನಲ್ಲಿ, ಗಣಪತಿ ಹಬ್ಬ ಮುಗಿದ ಮೇಲೆ ಜೋಕುಮಾರನನ್ನು ಅವಳ ಮನೆಯವರೇ ಮಾಡುತ್ತಿದ್ದರು. ಮೀಸೆ ತಿರುವಿದ ಆ ಮಣ್ಣಿನ ಗಂಡಸನ್ನು ಬುಟ್ಟಿಯಲ್ಲಿ ಹೊತ್ತು ಊರೆಲ್ಲ ಮೆರೆಸಿ, ಕಡೆಗೆ ಒನಕೆಯಿಂದ ಬಡಿದು ಕೊಲ್ಲುವುದು ಪದ್ಧತಿ. ಆ ಕೈಗುಣ ನೆನಪಿಟ್ಟುಕೊಂಡೇ ತಂಗಿಯ ಮಗಳು ಸಪನಾ ಹೋದ ವರ್ಷ ಅವಳನ್ನು ಕರೆದಳು.

ಸಪನಾ ಸಿನಿಮಾ ಕಲಿಯುವ ಹುಡುಗಿ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಮತ್ತೊಂದು. ಎಲ್ಲ ಜೋಡಿಸಿ ಓಡಿಸಿದರೆ ಗೊಂಬೆ ಜೀವ ಬಂದಂತೆ ನಡೆಯುತ್ತದೆ. ಹಾಗೆ ಒಂದು ದೆವ್ವದ ಸಿನಿಮಾ ಮಾಡಿ ಹ್ಯಾಲೋವೀನ್ ಎಂಬ ಪರದೇಶದ ದೆವ್ವದ ಹಬ್ಬದ ದಿನ ತೋರಿಸಬೇಕೆಂದು ಅವಳ ಹಟ. ಪಾಳುಬಿದ್ದ ದೊಡ್ಡ ವಾಡೆಮನೆ, ಅದರಲ್ಲಿ ದೆವ್ವವಾದ ಧಣಿ, ಅವನ ಹೆಂಡತಿ. ಮಿರಜ ಸ್ಟೇಷನ್ನಿನ ಹಿಂದೆ ತಗಡಿನ ಕೋಣೆಯೊಂದಕ್ಕೆ ಕರಿಬಟ್ಟೆ ಕಟ್ಟಿ, ಮೇಜಿನ ಮೇಲೆ ರಟ್ಟಿನ ವಾಡೆ ನಿಲ್ಲಿಸಿದರು. ಚಂದ್ರಭಾಗಾ ಒಳಗೆ ತಂತಿ ಇಟ್ಟು ಮಣ್ಣಿನ ಗೊಂಬೆಗಳನ್ನು ಮಾಡಿದಳು. ಧಣಿಯ ಬಲಭುಜ ಚೀಲ ಹೊತ್ತು ಹೊತ್ತು ಬಾಗಿದವನ ಭುಜದಂತೆ ಇತ್ತು. ಯಾರ ಭುಜವೆಂದು ಸಪನಾ ಕೇಳಲಿಲ್ಲ.

ಧಣಿ ಹೆಂಡತಿಯನ್ನು ಹೊಡೆದು ಕೊಲ್ಲುವ ದೃಶ್ಯದ ದಿನ ಬಂತು. ಗೊಂಬೆಯ ಕೈ ಸರಿಸುವ ಕೆಲಸ ಚಂದ್ರಭಾಗಾಳದು. ಮುಂಜಾನೆ ಶುರುವಾಗಿದ್ದು, ಮಧ್ಯಾಹ್ನವಾದರೂ ಕೈ ತಲೆಯ ಮೇಲಕ್ಕೆ ಏರಿರಲಿಲ್ಲ. ಸಂಸಾರದಲ್ಲಿ ಅವಳು ಏಳುವ ಕೈಯನ್ನು ಎಂದೂ ನೋಡಿದವಳಲ್ಲ. ಕೆನ್ನೆ ಉರಿದ ಮೇಲೇ ಗೊತ್ತಾಗುತ್ತಿತ್ತು. ಈಗ ಅದು ಅವಳ ಬೆರಳುಗಳ ನಡುವೆಯೇ ಇತ್ತು. ಎತ್ತುವುದಕ್ಕೂ ಹೊಡೆಯುವುದಕ್ಕೂ ನಡುವೆ ಇಷ್ಟು ಹೊತ್ತು ಇತ್ತೇ, ಯಾರಾದರೂ ಬಂದು ಹಿಡಿಯಬಹುದಿತ್ತಲ್ಲ, ತಾನಾದರೂ ಹಿಡಿಯಬಹುದಿತ್ತಲ್ಲ ಎಂದುಕೊಂಡಳು.

“ಮಾವಶಿ, ಇನ್ನ ಒಂಚೂರು ಮ್ಯಾಲ,” ಎಂದಳು ಸಪನಾ.

“ಮ್ಯಾಲ ಹೋದ್ರ ಕೆಳಗ ಬರ್ತೈತಿ. ನನ್ನ ಕೈಲೆ ಆಗೂದಿಲ್ಲವ್ವ.”

ಅಷ್ಟರಲ್ಲಿ ಸತ್ಯಪ್ಪ ಬಾಗಿಲು ಒದ್ದು ಒಳಗೆ ಬಂದ. ಕುಡಿದಿದ್ದ.

“ಮನ್ಯಾಗ ರೊಟ್ಟಿ ಇಲ್ಲ, ಇಲ್ಲಿ ಗೊಂಬಿ ಆಡಾಕತ್ತಿ?” ಎಂದವನೇ ಧಣಿಯ ಹೆಂಡತಿಯ ಗೊಂಬೆಯನ್ನು ಕಿತ್ತು ನೆಲಕ್ಕೆಸೆದು ತುಳಿದ. ಅದರ ಕುತ್ತಿಗೆ ಮುರಿಯಿತು. ಚಂದ್ರಭಾಗಾಳ ತುರುಬು ಹಿಡಿದು ಕ್ಯಾಮೆರಾದ ಎದುರಿಗೇ ಮೇಜಿಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಕೈ ಎತ್ತಿದ.

ಈ ಸಲ ಅವಳು ಆ ಕೈಯನ್ನೇ ನೋಡುತ್ತಿದ್ದಳು. ಅದು ಏರುವುದು ಕಂಡಿತು, ಮೇಲೆ ಒಂದಿಷ್ಟು ತಡೆಯುವುದೂ ಕಂಡಿತು. ಬಲಗೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಅವನು ಕೊಸರಿದ, ಬಾಯಿಗೆ ಬಂದಂತೆ ಬೈದ, ಮೊಣಕಾಲಿನಿಂದ ಅವಳ ಹೊಟ್ಟೆಗೆ ಗುದ್ದಿದ. ಅವಳು ಬಿಡಲಿಲ್ಲ.

“ಸಪನಾ, ಫೋಟೋ ಹೊಡಿ.”

ಹುಡುಗಿ ಹೊಡೆದಳು. ಚಂದ್ರಭಾಗಾ ಆ ಕೈಯನ್ನು ಸ್ವಲ್ಪ ಕೆಳಗಿಳಿಸಿದಳು.

“ಹೊಡಿ.”

ಮತ್ತಷ್ಟು ಕೆಳಗೆ. ಹೀಗೆ ಇಳಿಸುತ್ತ ಇಳಿಸುತ್ತ ಅವನ ಕೈಯನ್ನು ಅವನ ತೊಡೆಗೇ ತಂದು ಮುಟ್ಟಿಸಿದಳು. ಆಮೇಲೆ ಅದನ್ನು ಬಿಟ್ಟು ಅವನ ದವಡೆಗೆ ಬಾರಿಸಿದಳು. ಸತ್ಯಪ್ಪ ರಟ್ಟಿನ ವಾಡೆಯನ್ನು ಎಳೆದುಕೊಂಡೇ ಕೆಳಗೆ ಬಿದ್ದ, ಹಲ್ಲೊಂದು ಉದುರಿತು. ಆ ಏಟಿಗೆ ಮಾತ್ರ ಫೋಟೋ ಇಲ್ಲ. ಸಪನಾ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದಳು.

ಮರುದಿನವೇ ಅವನು ಬೇಡಗದಲ್ಲಿರುವ ಅಕ್ಕನ ಮನೆ ಸೇರಿದ. ವಾಡೆಯನ್ನು ಮತ್ತೆ ಕಟ್ಟಲು ಪುರಸೊತ್ತಿರಲಿಲ್ಲವಾಗಿ ಸಪನಾ ಸಿನಿಮಾದ ಕೊನೆಗೆ ಆ ಫೋಟೋಗಳನ್ನೇ ಹಾಕಿದಳು.

ಹ್ಯಾಲೋವೀನ್ ಸಂಜೆ ಸಾಂಗಲಿಯ ಸಣ್ಣ ಸಭಾಂಗಣದಲ್ಲಿ, ಮುಖಕ್ಕೆ ದೆವ್ವದ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರು ತುಂಬಿದ್ದರು. ವಾಡೆಯ ಕತ್ತಲಲ್ಲಿ, ಮಣ್ಣಿನದಲ್ಲದ, ರೋಮ ತುಂಬಿದ ಕೈಯೊಂದು ಜಗ್ಗಿ ಜಗ್ಗಿ ಇಳಿಯುವಾಗ ಅವರೆಲ್ಲ ಕಿರುಚಿಕೊಂಡರು. ಚಂದ್ರಭಾಗಾಳ ಪಕ್ಕ ಕೂತ ಹುಡುಗಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಆಜಿ, ನಿಮಗ ಅಂಜಕಿ ಬರಲಿಲ್ಲೇನ್ರಿ?”

“ನಾ ಅದನ್ನ ಹಿಡದು ನೋಡೇನವ್ವ,” ಎಂದಳು ಚಂದ್ರಭಾಗಾ. “ಅದರಾಗ ಏನೂ ಕಸುವಿಲ್ಲ.”