ಪುಕಾರಿನ ಹುಸೇನಪ್ಪನ ಗಂಟಲು

ಫಸಲಿ 1352ರಲ್ಲಿ, ಅಂದರೆ ಇಂಗ್ಲಿಷ್ ಲೆಕ್ಕದ 1942–43ರಲ್ಲಿ, ನಾನು ಲಿಂಗಸುಗೂರಿನ ಸರಕಾರಿ ದವಾಖಾನೆಯ ಡಾಕ್ಟರನಾಗಿದ್ದೆ. ನಿಜಾಮ ಸರಕಾರದ ನೌಕರಿಯಲ್ಲಿ ಅದು ನನ್ನ ಎರಡನೆಯ ಊರು. ಹೈದರಾಬಾದಿನಲ್ಲಿ ನಮಗೆ ವೈದ್ಯಕೀಯವನ್ನು ಉರ್ದುವಿನಲ್ಲಿ ಕಲಿಸಿದ್ದರು, ಮೇಲೆ ಓದಿಕೊಂಡ ಪುಸ್ತಕಗಳು ಇಂಗ್ಲಿಷಿನವು, ಎದುರಿಗೆ ಕೂತ ರೋಗಿ ಮಾತಾಡುತ್ತಿದ್ದುದು ಕನ್ನಡ. ಹೀಗಾಗಿ ಒಂದೇ ಕಾಯಿಲೆಯನ್ನು ದಿನಕ್ಕೆ ಹತ್ತಾರು ಸಲ ಮೂರು ಭಾಷೆಗಳಲ್ಲಿ ಯೋಚಿಸುವುದು ರೂಢಿಯಾಗಿತ್ತು.

ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ಆದರೆ ಈ ಪ್ರಕರಣದ ಬಗ್ಗೆ ಅದರಲ್ಲಿರುವುದು ಕೆಲವೇ ಸಾಲು, ಅವೂ ಗಂಟಲಿನ ಬಗ್ಗೆ. ಉಳಿದದ್ದೆಲ್ಲ ನೆನಪು. ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಕಥೆ ನಯವಾಗುತ್ತದೆ ಎಂಬುದು ಗೊತ್ತಿರುವುದರಿಂದ, ಖಾತ್ರಿಯಿಲ್ಲದ ಕಡೆ ಹಾಗೆಂದು ಹೇಳಿಬಿಡುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಹುಸೇನಪ್ಪ ಮುನ್ಸಿಫ್ ಕಚೇರಿಯ ಜವಾನ. ಅವನ ಮುಖ್ಯ ಕೆಲಸ ಪುಕಾರು. ಕಚೇರಿಯ ಪಡಸಾಲೆಯಲ್ಲಿ ನಿಂತು, ವಿಚಾರಣೆಗೆ ಬಂದ ದಾವೆಯ ಕಕ್ಷಿದಾರರ ಹೆಸರನ್ನು ಗಟ್ಟಿಯಾಗಿ ಮೂರು ಸಲ ಕೂಗುವುದಕ್ಕೆ ಪುಕಾರು ಎನ್ನುತ್ತಿದ್ದರು. “ಭೀಮಪ್ಪ ವಲದ್ ದ್ಯಾವಪ್ಪ ಹಾಜಿರ್ ಹೈ?” ಎಂದು, ಅಂದರೆ ದ್ಯಾವಪ್ಪನ ಮಗ ಭೀಮಪ್ಪ ಹಾಜರಿದ್ದಾನೆಯೇ ಎಂದು, ಅವನು ಕೂಗಿದರೆ ದವಾಖಾನೆಯಲ್ಲಿ ಕೂತ ನನಗೂ ಕೇಳುತ್ತಿತ್ತು. ಮೂರನೆಯ ಕೂಗಿಗೂ ಯಾರೂ ಬಾರದಿದ್ದರೆ ಗೈರುಹಾಜರಿ ಎಂದು ಬರೆದು ದಾವೆಯನ್ನು ವಜಾ ಮಾಡುವುದು ಪದ್ಧತಿ. ಹಳ್ಳಿಗಳಿಂದ ನಸುಕಿನಲ್ಲೇ ನಡೆದು ಬಂದವರು ಅಂಗಳದಾಚೆಯ ಬೇವಿನ ಮರದಡಿ ಕಾಯುತ್ತ ಕೂರುತ್ತಿದ್ದರು. ಅವರ ಹೊಲ, ಮನೆ, ಜೀವನಾಂಶ ಎಲ್ಲವೂ ಹುಸೇನಪ್ಪನ ದನಿ ಆ ಮರದವರೆಗೆ ಮುಟ್ಟುವುದರ ಮೇಲೆ ನಿಂತಿತ್ತು.

ಆ ಬೇಸಿಗೆಯಲ್ಲಿ ದನಿ ಮುಟ್ಟುವುದು ನಿಂತಿತು. ಪಾಮನಕಲ್ಲೂರಿನ ಒಬ್ಬ ಹೆಣ್ಣುಮಗಳು ಮರದಡಿಯೇ ಇದ್ದಳು. ಹುಸೇನಪ್ಪ ಮೂರು ಸಲ ಕೂಗಿದ, ಅವಳಿಗೆ ಒಂದೂ ಕೇಳಲಿಲ್ಲ. ಗೈರುಹಾಜರಿ ಎಂದು ಬರೆದ ಅವಳ ಕಾಗದ ಬದಿಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ವಿಷಯ ತಿಳಿದು ಅವಳು ಬಾಗಿಲಿಗೆ ಬಂದು ಅತ್ತಳು. ಪುಕಾರಿನವನ ಬಾಯಿ ಆಡಿದ್ದನ್ನೂ ಸದ್ದು ಹೊರಡದಿದ್ದುದನ್ನೂ ಮುನ್ಸಿಫ್ ಸಾಹೇಬರು ಸ್ವತಃ ನೋಡಿದ್ದರಂತೆ. ಆ ಕಾಗದವನ್ನು ಮತ್ತೆ ತೆಗೆಸಿ ಅವಳ ದಾವೆ ಕೇಳಿದರು. ಹುಸೇನಪ್ಪನನ್ನು ಒಂದು ತಿಂಗಳ ರಜೆಯ ಮೇಲೆ ನನ್ನ ಬಳಿ ಕಳಿಸಿದರು. ಅವನ ಜಾಗಕ್ಕೆ ಸಿಂಧನೂರಿನಿಂದ ಒಬ್ಬ ಹರೆಯದವನು ಬದಲಿಯಾಗಿ ಬಂದ. ತಿಂಗಳು ಕಳೆದು ನಾನು ‘ಯೋಗ್ಯ’ ಎಂದು ಬರೆದುಕೊಡದಿದ್ದರೆ ಬದಲಿಯವನೇ ಕಾಯಂ ಎಂಬುದು ಇಡೀ ಕಚೇರಿಗೆ ಗೊತ್ತಿತ್ತು.

ನನಗೆ ಮೊದಲು ಹೆದರಿಕೆಯಾದದ್ದು ಕ್ಷಯದ್ದು. ಆ ಕಾಲದಲ್ಲಿ ಗಂಟಲಿಗೆ ಬಂದ ಕ್ಷಯ ಎಂದರೆ ಹೆಚ್ಚು ಮಾತಿರಲಿಲ್ಲ. ಲ್ಯಾರಿಂಜಿಯಲ್ ಮಿರರ್ ಎಂದು ಒಂದು ಸಾಧನವಿದೆ: ಉದ್ದನೆಯ ಕಡ್ಡಿಯ ತುದಿಗೆ ಪುಟ್ಟ ಕನ್ನಡಿ. ಉಸಿರಿನ ಹಬೆ ಕೂರದಂತೆ ಅದನ್ನು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಗಂಟಲ ಹಿಂಬದಿಗೆ ಇಟ್ಟು, ಕಿಟಕಿಯ ಬಿಸಿಲನ್ನು ಹಣೆಗೆ ಕಟ್ಟಿಕೊಂಡ ಇನ್ನೊಂದು ಕನ್ನಡಿಯಿಂದ ಒಳಗೆ ಬಿಟ್ಟರೆ ಧ್ವನಿತಂತುಗಳು ಕಾಣುತ್ತವೆ. ಹುಸೇನಪ್ಪನ ಎರಡು ತಂತುಗಳ ಅಂಚಿನಲ್ಲೂ ಎದುರುಬದುರಾಗಿ ಜೋಳದ ನುಚ್ಚಿನಷ್ಟು ಗಂಟುಗಳಿದ್ದವು. ಇವಕ್ಕೆ ವೋಕಲ್ ನಾಡ್ಯೂಲ್ ಎಂದು ಹೆಸರು. ಸಲಿಕೆ ಹಿಡಿದವನ ಅಂಗೈ ದಡ್ಡುಗಟ್ಟುವ ಹಾಗೆ, ವರ್ಷಗಟ್ಟಲೆ ಕೂಗಿದವನ ತಂತುಗಳೂ ದಡ್ಡುಗಟ್ಟುತ್ತವೆ. ಕ್ಷಯವಲ್ಲ ಎಂದು ನನಗೆ ಸಮಾಧಾನವಾಯಿತು. ಅವನಿಗೆ ಆಗಲಿಲ್ಲ.

“ಸಾಹೇಬ್ರ, ಸೂಜಿ ಹಾಕ್ರಿ,” ಎಂದ. ಗಾಳಿಯಷ್ಟೇ ಬಂತು.

“ಇದಕ್ಕ ಸೂಜಿ ಇಲ್ಲಪ್ಪ.”

“ಬಾಟ್ಲಿ ಆದ್ರೂ ಕೊಡ್ರಿ. ಆ ಕೆಂಪಂದು.”

“ಅದು ಜ್ವರದ್ದು. ನಿನಗ ಬೇಕಾಗಿದ್ದು ಸುಮ್ಕಿರೂದು.”

“ಸುಮ್ಕಿರೂದು ಸತ್ತ ಮ್ಯಾಲ ಇದ್ದದ್ದ ರೀ. ಅದಕ್ಕ ದವಾಖಾನಿಗೆ ಯಾಕ ಬರಬೇಕು?”

ನಾನು ಹೇಳಿದ್ದು ದಿನವೂ ತಾನೇ ಮಾಡಿಕೊಳ್ಳಬೇಕಾದ ನಾಲ್ಕಾರು ಸಣ್ಣ ಕೆಲಸಗಳು. ಬೆಳಿಗ್ಗೆ ಮಾತಾಡಲೇಬಾರದು, ಉಳಿದ ಹೊತ್ತಿನಲ್ಲೂ ಹೆಚ್ಚು ಮಾತಾಡಬಾರದು. ಬಿಸಿನೀರಿನ ಹಬೆ ತೆಗೆದುಕೊಳ್ಳಬೇಕು. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಸಂಜೆ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಬೇಕು. ತಂಬಾಕು ಬೇಡ. ಪಿಸುಮಾತೂ ಬೇಡ, ಏಕೆಂದರೆ ಪಿಸುಗುಟ್ಟುವಾಗ ಗಂಟಲು ಬಿಗಿಯುತ್ತದೆ, ಅದು ವಿಶ್ರಾಂತಿಯಲ್ಲ. ಹೊತ್ತಿಗೆ ಸರಿಯಾಗಿ ಮಲಗಬೇಕು. ಮನೆಯಲ್ಲೂ ಇದನ್ನೆಲ್ಲ ಹೇಳು ಎಂದೆ. ತಲೆಯಾಡಿಸಿ ಹೋದ.

ವಾರವಾದ ಮೇಲೆ ಬಂದಾಗ ಗಂಟುಗಳು ಮೊದಲಿಗಿಂತ ಕೆಂಪಾಗಿ ಊದಿದ್ದವು. ಕಾರಣ ಕೇಳಿದರೆ ಮುಖ ಆ ಕಡೆ ಮಾಡಿದ. ಮರುದಿನ ಕಾರಣವೇ ಬಾಗಿಲಿಗೆ ಬಂತು. ಎತ್ತರದ ಹೆಣ್ಣುಮಗಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನನ್ನ ಮೇಜಿನ ತನಕ ನಡೆದಳು. ಹಿಂದೆ ಹುಸೇನಪ್ಪ.

“ಡಾಕ್ಟರ್ ಯಾರ್ರೀ?”

“ನಾನೇ.”

“ನನ್ ಗಂಡ ನನ್ ಕೂಡ ಮಾತಾಡಬಾರ್ದಂತ ಹೇಳಾಕ ನೀವ್ಯಾರ್ರೀ? ನಮ್ ಕುಲದ ಹಿರ್ಯಾರೇನು?”

ಅವಳು ಹುಸೇನಪ್ಪನ ಹೆಂಡತಿ ಅಮರಮ್ಮ. ನಡೆದದ್ದು ಇಷ್ಟು. ಅಂದು ದವಾಖಾನೆಯಿಂದ ಮನೆಗೆ ಹೋದವನು ಹೊಸ್ತಿಲು ದಾಟುತ್ತಲೇ, ‘ಇವತ್ತಿಂದ ನಿನ್ನ ಕೂಡ ಮಾತಿಲ್ಲ, ಡಾಕ್ಟರ್ ಸಾಹೇಬ್ರ ಹುಕುಂ ಆಗೇತಿ’ ಎಂದು ಹೇಳಿ ಬಾಯಿ ಮುಚ್ಚಿದ್ದ. ಹೆಚ್ಚು ಮಾತಾಡಬಾರದು ಎಂದು ಹೇಳಿದ್ದೆನಲ್ಲ, ಕಚೇರಿಯ ಮನುಷ್ಯ, ಹುಕುಮಿನ ಧಾಟಿಯಲ್ಲಿ ಒಂದೇ ಮಾತಿಗೆ ಮುಗಿಸಿದ್ದ.

“ಅದರ ಹಿಂದಿನ ದಿನ ಇವನ ಅಕ್ಕನ ಮಗಗ ನಮ್ ಹುಡುಗಿ ಕೊಡೂದಿಲ್ಲ ಅಂದೀನ್ರೀ ನಾ,” ಎಂದಳು ಅಮರಮ್ಮ. “ಆ ಸಿಟ್ಟು ಇದು. ಗಂಟ್ಲಂತ, ಗಂಟ್ಲು! ಊರಿಗೆಲ್ಲ ಒದರಾಂವಗ ಮನ್ಯಾಗ ಒಂದ್ ಮಾತು ಆಡಾಕ ಜಡ್ಡು ಬಂತೇನು? ಬಿಡ್ತೀನೇನು ನಾ? ದಿನಾ ಬೆಳಿಗ್ಗೆ ಜಗಳ ತಗದು ಬಾಯಿ ಬಿಡಿಸೀನಿ.”

“ಹಂಗಲ್ಲಲೇ...” ಎಂದು ಹುಸೇನಪ್ಪ ಹಿಂದಿನಿಂದ ಪಿಸುಗುಟ್ಟಿದ.

“ಸುಮ್ಕಿರು!” ಎಂದೆವು ನಾನೂ ಅಮರಮ್ಮನೂ ಒಟ್ಟಿಗೇ.

ಅವಳಿಗೆ ನಗು ಬಂತೋ ಇಲ್ಲವೋ ನೆನಪಿಲ್ಲ, ನನಗೆ ಬಂದಿತ್ತು. ಆದರೆ ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಗಂಡಸು ಬಾಯಿ ಮುಚ್ಚಿ ಕೂತರೆ ಅದಕ್ಕೆ ಇರುವುದು ಒಂದೇ ಅರ್ಥ. ಆ ಮುನಿಸನ್ನು ಮುರಿಯುವ ದಾರಿಯೂ ಎಲ್ಲ ಹೆಂಗಸರಿಗೂ ಗೊತ್ತಿರುವಂಥದೇ. ಅವಳು ಸಂಸಾರ ಉಳಿಸಿಕೊಳ್ಳಲು ಮಾಡಿದ್ದೇ ಅವನ ನೌಕರಿಯನ್ನು ಕಳೆಯುತ್ತಿತ್ತು.

ವಿವರಿಸಿ ಹೇಳುವುದಕ್ಕಿಂತ ತೋರಿಸುವುದು ಸುಲಭ ಅನ್ನಿಸಿತು. ಹುಸೇನಪ್ಪನನ್ನು ಕಿಟಕಿಯ ಬಳಿ ಕೂರಿಸಿ ಕನ್ನಡಿ ಬಿಸಿ ಮಾಡಿದೆ. ಅಮರಮ್ಮ ನನ್ನ ಭುಜದ ಬಳಿ ಬಗ್ಗಿ ನಿಂತಳು. ಹೊಸಬರಿಗೆ ಆ ನೋಟ ಅಷ್ಟು ಬೇಗ ದಕ್ಕುವುದಿಲ್ಲ. ಅವಳಿಗೆ ನಿಜವಾಗಿ ಎಷ್ಟು ಕಂಡಿತೋ ನಾನು ಹೇಳಲಾರೆ.

“ಬಿಳೀ ಪಟ್ಟಿ ಎರಡು ಅದಾವ್ರೀ,” ಎಂದಳು.

“ಅವೇ ನಿನ್ ಗಂಡನ ದನಿ. ಅಂಚಿಗೆ ಗಂಟು ಆಗ್ಯಾವ, ನೋಡು.”

ಬಹಳ ಹೊತ್ತು ನೋಡಿದಳು. ಹುಸೇನಪ್ಪನಿಗೆ ಓಕರಿಕೆ ಬಂದು ನಾನು ಕನ್ನಡಿ ತೆಗೆದೆ.

“ಇಷ್ಟು ಸಣ್ಣದರಾಗಿಂದ ಅಷ್ಟು ಒದರ್ತಾನೇನ್ರೀ?” ಎಂದಳು. ಆಮೇಲೆ ದನಿ ಇಳಿಸಿ, “ಸಾಯೋ ಜಡ್ಡೇನ್ರೀ?”

“ಅಲ್ಲ. ಆದ್ರ ಹಿಂಗ ನಡದ್ರ ದನಿ ಹೋಗ್ತದ. ದನಿ ಹೋದ್ರ ನೌಕರಿ ಹೋಗ್ತದ.”

ಅವಳು ಅಲ್ಲಿಯೇ ನೆಲದ ಮೇಲೆ ಕೂತಳು. ಹುಸೇನಪ್ಪನ ಕಡೆ ತಿರುಗಿ, “ಇದನ್ನ ಅವತ್ತ ಹೇಳಾಕ ಏನಾಗಿತ್ತು ನಿನಗ?” ಎಂದಳು. ಅವನು ಉತ್ತರ ಕೊಡದೆ ಕೂತ. ಆ ವಾರದಲ್ಲಿ ಅವನು ಮಾಡಿದ ಮೊದಲ ಸರಿಯಾದ ಕೆಲಸ ಅದು.

ಆಮೇಲೆ ಮೂವರೂ ಕೂತು ದಿನವನ್ನು ಹೊಂದಿಸಿದೆವು. ಗಡಿಯಾರದ ಮಾತನ್ನು ನಾನು ಎತ್ತಲಿಲ್ಲ. ಬೆಳಿಗ್ಗೆ ಮೊದಲು ಏನು ಮಾಡುತ್ತೀಯ ಎಂದು ಅಮರಮ್ಮನನ್ನು ಕೇಳಿದೆ. ಒಲೆ ಹಚ್ಚಿ ನೀರಿಡುತ್ತೇನೆ ಎಂದಳು. ಆ ನೀರು ಕುದಿಯುವಾಗ ಅವನು ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳಬೇಕು ಎಂದಾಯಿತು. ಆಮೇಲೆ ಅವಳು ರೊಟ್ಟಿ ಬಡಿಯುತ್ತಾಳೆ. ರೊಟ್ಟಿಯ ಸಪ್ಪಳ ಇರುವ ತನಕ ಮನೆಯಲ್ಲಿ ಅವನ ಮಾತಿಲ್ಲ. ಮೆಣಸಿನಕಾಯಿ ಹುರಿಯುವ ದಿನ ಅವನು ಹೊರಗಿನ ಕಟ್ಟೆಗೆ. ಹಾಡುವವರ ಗಂಟಲಿನ ಬಗ್ಗೆ ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪುಟವಿತ್ತು. ಅದರಂತೆ ಎರಡನೆಯ ವಾರದಿಂದ ಸ್ನಾನದ ಹೊತ್ತಿನಲ್ಲಿ ತುಟಿ ಮುಚ್ಚಿ ಮೆಲ್ಲಗೆ ಗುಂಯ್ಗುಡುವ ಅಭ್ಯಾಸ. ಸಂಜೆ ದೀಪ ಹಚ್ಚಿದ ಕೂಡಲೇ ಉಪ್ಪುನೀರು. ಇವೆಲ್ಲ ಇದ್ದ ಕೆಲಸಗಳಿಗೆ ಜೋಡಿಸಿದ ಕೆಲಸಗಳು, ಬೇರೆಯಾಗಿ ನೆನಪಿಡಬೇಕಾದ್ದು ಕಡಿಮೆ. ತಂಬಾಕು ಬಿಟ್ಟಿದ್ದೇನೆ ಎಂದು ಅವನು ಸನ್ನೆ ಮಾಡಿ ತೋರಿಸಿದ. ಅಮರಮ್ಮ ಅವನ ಅಂಗಿಯ ಜೇಬಿಗೆ ಕೈಹಾಕಿ ಚಂಚಿ ತೆಗೆದು ನನ್ನ ಮೇಜಿನ ಮೇಲಿಟ್ಟಳು.

ಇನ್ನೊಂದು ನಿಯಮ ಅವನಿಗಷ್ಟೇ ಅಲ್ಲ, ಅವಳಿಗೂ ಅನ್ವಯಿಸಿತು. ಅಡುಗೆಮನೆಯಿಂದ ಅವಳು ಕೂಗಿದರೆ ಅವನು ಕೂಗಿಯೇ ಉತ್ತರಿಸುತ್ತಾನೆ, ಅದು ಅವನ ಕಸುಬು. ಆದ್ದರಿಂದ ಯಾರಿಗೆ ಮಾತು ಬೇಕೋ ಅವರು ಎದ್ದು ಇನ್ನೊಬ್ಬರ ಹತ್ತಿರ ಹೋಗಿ ಆಡಬೇಕು.

ವಾರಕ್ಕೊಮ್ಮೆ ಇಬ್ಬರೂ ಬರುತ್ತಿದ್ದರು. ಮಾತೆಲ್ಲ ಅಮರಮ್ಮನದು.

“ಬಚ್ಚಲದಾಗ ನಿಂತು ಜೇನುಹುಳದಂಗ ಗುಂಯ್ ಅಂತಾನ್ರೀ. ಮಗ್ಗಲಮನಿಯವ್ರು ಯಾರ ಗಾಳಿ ಬಡದೈತಿ ಅಂತ ಕೇಳಾಕತ್ಯಾರ.”

“ನೀ ಏನಂದಿ?”

“ಸರಕಾರದ ಗಾಳಿ ಅಂದೆ.”

ಮತ್ತೊಂದು ಸಲ ಹೇಳಿದಳು: “ಮೊದಲ ಎರಡ್ ದಿನ ಆ ನಿಶ್ಶಬ್ದಕ್ಕ ನನಗ ಹೆದರಿಕಿ ಬಂತ್ರೀ. ಈಗ ಚಲೋ ಅನಸ್ತೈತಿ. ರೊಟ್ಟಿ ಮಾಡ್ಕೊಂತ ನನ್ ಮಾತು ನಾ ಕೇಳ್ಕೊಂತೀನಿ.” ಮಗಳ ಮದುವೆಯ ಮಾತು ಏನಾಯಿತು ಎಂದು ಕೇಳಿದೆ. “ಒದರೂದ ಇಲ್ಲಂದ ಮ್ಯಾಲ ಜಗಳ ಹೆಂಗ ಆಡೂದ್ರೀ? ಹಂಗ ನಿಂತೈತಿ,” ಎಂದಳು.

ತಿಂಗಳ ಕೊನೆಗೆ ಒಂದು ಕಡೆಯ ಗಂಟು ಕಾಣದಾಗಿತ್ತು, ಇನ್ನೊಂದು ಸಣ್ಣದಾಗಿ ಉಳಿದಿತ್ತು. ಇಷ್ಟನ್ನು ದಿನಚರಿಯೂ ಹೇಳುತ್ತದೆ. ಸಾಮಾನ್ಯ ಮಾತಿಗೆ ದನಿ ಸ್ವಚ್ಛವಾಗಿ ಬರುತ್ತಿತ್ತು. ಕೂಗು ಹೇಗೆ ಬರುತ್ತದೋ ಗೊತ್ತಿರಲಿಲ್ಲ. ಕೂಗಿಸಿ ನೋಡಿ ಕೆಡಿಸಲು ನನಗೆ ಮನಸ್ಸಿರಲಿಲ್ಲ. ‘ಗುಣವಾಗುತ್ತಿದೆ, ಕೂಗು ಮಿತವಾಗಿರಬೇಕು’ ಎಂದು ಬರೆದೆ. ಕೂಗುವುದೇ ಕೆಲಸವಾದವನಿಗೆ ಆ ಷರತ್ತು ಹಾಕಿ ಕಳಿಸಿದರೆ ಏನು ಪ್ರಯೋಜನ ಎಂದು ನನಗೂ ಅನ್ನಿಸಿತ್ತು. ಮುನ್ಸಿಫ್ ಸಾಹೇಬರಿಗೂ ಅದೇ ಅನ್ನಿಸಿರಬೇಕು. ನೀವೇ ಬಂದು ಕೇಳಿ ಎಂದು ನನಗೆ ಹೇಳಿಕಳಿಸಿದರು.

ಮರುದಿನ ಕಚೇರಿಗೆ ಹೋದೆ. ಬದಲಿಯವನು ಕಂಬಕ್ಕೆ ಒರಗಿ ನಿಂತಿದ್ದ. ಹುಸೇನಪ್ಪ ಒಗೆದ ಪೇಟ ಸುತ್ತಿ ಪಡಸಾಲೆಯ ಅಂಚಿಗೆ ಬಂದು ಮೊದಲ ಹೆಸರು ಕೂಗಿದ. ದನಿ ಎದ್ದಿತು, ‘ಹಾಜಿರ್’ ಎನ್ನುವಲ್ಲಿ ಬಿರುಕು ಬಿಟ್ಟಿತು. ಮರದಡಿ ಯಾರೂ ಏಳಲಿಲ್ಲ. ಮುನ್ಸಿಫ್ ಸಾಹೇಬರು ನನ್ನ ಕಡೆ ನೋಡಿದರು.

ಎರಡನೆಯ ಸಲ ಅವನು ಕೂಗಲಿಲ್ಲ. ಮೆಟ್ಟಿಲಿಳಿದು, ಬಿಸಿಲಿನ ಅಂಗಳ ದಾಟಿ, ಮರದ ನೆರಳಿಗೆ ಹೋಗಿ, ಕೂತವರ ನಡುವೆ ನಿಂತು ಆ ಹೆಸರನ್ನು ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ. ಒಬ್ಬ ಮುದುಕ ಎದ್ದು ನಿಂತ. ಅವನನ್ನು ಕರೆದುಕೊಂಡೇ ಬಂದ. ಮುಂದಿನ ದಾವೆಗೂ ಹಾಗೆಯೇ ಹೋದ, ಹಾಗೆಯೇ ಬಂದ.

ಕಚೇರಿಯ ಗುಮಾಸ್ತರು, ಪುಕಾರು ಪಡಸಾಲೆಯಿಂದಲೇ ಆಗಬೇಕಲ್ಲ ಹುಜೂರ್ ಎಂದರು. ಮುನ್ಸಿಫ್ ಸಾಹೇಬರು ಸ್ವಲ್ಪ ಯೋಚಿಸಿ ಉರ್ದುವಿನಲ್ಲಿ ಹೇಳಿದ್ದರ ಸಾರ ಇದು: ಕಕ್ಷಿದಾರನಿಗೆ ಕೇಳಿಸಬೇಕು ಎಂಬುದು ಕಾಯಿದೆ, ಎಲ್ಲಿ ನಿಂತು ಎಂಬುದು ರೂಢಿ. ಬದಲಿಯವನು ಆ ವಾರವೇ ಸಿಂಧನೂರಿಗೆ ಹಿಂದಿರುಗಿದ.

ಹೊರಗೆ ಬರುವಾಗ ಹುಸೇನಪ್ಪನನ್ನು ಕೇಳಿದೆ, “ಮರದ ತನಕ ಹೋಗಬೇಕಂತ ನಿನಗ ಯಾರು ಹೇಳಿದ್ರು?”

“ಯಾರ್ ಹೇಳಬೇಕ್ರೀ? ಮನ್ಯಾಗ ತಿಂಗಳಿಂದ ಅದ ನಡದೈತಲ್ಲ. ಮಾತು ಬೇಕಂದ್ರ ಎದ್ದು ಹೋಗಬೇಕು. ಕಾಲಿಗೆ ರೂಢಿ ಬಿದ್ದೈತಿ.”

ಕೆಲ ತಿಂಗಳ ನಂತರ ನನಗೆ ವರ್ಗವಾಯಿತು. ಉಳಿದ ಗಂಟು ಪೂರ್ತಿ ಹೋಯಿತೋ ಇಲ್ಲವೋ ನೋಡಲಾಗಲಿಲ್ಲ. ಹೋಗಿರಬೇಕು ಎಂದು ಕಥೆ ಹೇಳುವಾಗ ಎಷ್ಟೋ ಸಲ ಸೇರಿಸಿದ್ದೇನೆ. ಅದಕ್ಕೆ ಆಧಾರವಿಲ್ಲ.

ಆಮೇಲಿನ ನೌಕರಿಯಲ್ಲಿ ಬಹಳ ಜನರಿಗೆ ದಿನನಿತ್ಯದ ಆರೈಕೆ ಹೇಳಿದ್ದೇನೆ: ಸಕ್ಕರೆ ರೋಗದವರಿಗೆ ಕಾಲಿನದು, ಬಾಣಂತಿಯರಿಗೆ ನಿದ್ದೆಯದು, ಮೇಷ್ಟ್ರುಗಳಿಗೆ ಗಂಟಲಿನದು. ತನ್ನ ದೇಹವನ್ನು ತಾನು ನೋಡಿಕೊಳ್ಳುವುದು ಒಬ್ಬರ ಸ್ವಂತ ವಿಷಯ ಎಂದು ಪುಸ್ತಕಗಳು ಬರೆಯುತ್ತವೆ. ಒಂದು ಮನೆಯಲ್ಲಿ ಒಬ್ಬರ ದಿನಚರಿ ಬದಲಾದರೆ ಉಳಿದವರಿಗೂ ಅದು ತಗಲುತ್ತದೆ. ಏಕೆ ಬದಲಾಯಿತೆಂದು ಅವರಿಗೆ ತಿಳಿಯದಿದ್ದರೆ ತಮಗೆ ತೋಚಿದ ಕಾರಣ ಹಚ್ಚಿ, ಪ್ರೀತಿಯಿಂದಲೇ ಕೆಡಿಸುತ್ತಾರೆ. ಅದಕ್ಕೇ ಔಷಧದ ಚೀಟಿ ಬರೆಯುವ ಮೊದಲು ರೋಗಿಯನ್ನು ನಾನು ಒಂದು ಪ್ರಶ್ನೆ ಕೇಳುತ್ತೇನೆ: “ಹೊರಗ ಯಾರ್ ಕುಂತಾರ? ಒಳಗ ಕರೀ.”