ಅತ್ತೆಯ ಗ್ಯಾಸ್ ಉಳಿತಾಯ

ದರ್ಜಿಯ ಅತ್ತೆಗೆ ಒಲೆ ಸುಮ್ಮನೆ ಉರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಮಗಳ ಮನೆಗೆ ಬಂದವರೇ, ಕಾಳು ಚೆನ್ನಾಗಿ ಕುದಿ ಬಂದ ಕೂಡಲೇ ಗ್ಯಾಸ್ ಆರಿಸತೊಡಗಿದರು.

"ಮಿಕ್ಕಿದ್ದು ಪಾತ್ರೆ ಕಾವಲ್ಲೇ ಬೇಯುತ್ತೆ, ಅಳಿಯಂದ್ರೇ."

"ಹಾಗಾದ್ರೆ ತುಳಿಯೋದು ನಿಲ್ಲಿಸಿದ್ರೂ ನನ್ನ ಮಿಷನ್ನು ಹೊಲೀತಾ ಇರುತ್ತೆ ಬಿಡಿ," ಎಂದು ಅಳಿಯ ನಕ್ಕ. ಅತ್ತೆ ಮುಖ ಊದಿಸಿಕೊಂಡರು.

ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅತ್ತೆಯ ಮಂಚದ ಮೇಲೆ ಕಂಬಳಿ ಗುಪ್ಪೆಯಾಗಿತ್ತು. ಮುನಿಸಿಕೊಂಡು ಮುಸುಕು ಹಾಕಿ ಮಲಗಿದ್ದಾರೆ ಎಂದುಕೊಂಡ. ಕರೆದರೂ ಏಳದ್ದರಿಂದ ಹಣೆ ಮುಟ್ಟಿ ನೋಡಲೆಂದು ಮೆಲ್ಲಗೆ ಕಂಬಳಿಯೊಳಗೆ ಕೈ ತೂರಿಸಿದರೆ ಕೆಂಡದಂಥ ಬಿಸಿ! ಅವನು ಬೆಚ್ಚಿ ಕೈ ಹಿಂದೆಳೆದುಕೊಂಡ.

"ಅಯ್ಯೋ ಅತ್ತೆ, ಇಷ್ಟೊಂದು ಜ್ವರಾನಾ! ನನ್ನದು ತಪ್ಪಾಯ್ತು. ಇನ್ಮೇಲೆ ಬೇಕಾದ್ರೆ ಒಲೇನೇ ಹಚ್ಚಬೇಡಿ, ಒಂದು ಮಾತಾಡಿ!"

"ಅದು ಮಾತಾಡಲ್ಲ, ಕಾಳಿನ ಪಾತ್ರೆ," ಎಂದರು ಅತ್ತೆ, ಬಾಗಿಲಲ್ಲಿ ನಿಂತು. ಅವರ ಹಿಂದೆ ಹೆಂಡತಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕಾಳು ಬೆಣ್ಣೆಯಂತೆ ಬೆಂದಿತ್ತು. ದರ್ಜಿ ಎರಡು ಸಲ ಬಡಿಸಿಕೊಂಡ. ಸಂಜೆ ಅಂಗಡಿಯ ಚೂರುಬಟ್ಟೆಗಳನ್ನೆಲ್ಲ ತುರುಕಿ ಕಾವು ಆರದಂತೆ ಪಾತ್ರೆಗೊಂದು ದಪ್ಪ ಚೀಲ ಹೊಲಿದು ತಂದ. ಅತ್ತೆ ಪಾತ್ರೆಗೆ ತೊಡಿಸಿ, ಸುತ್ತ ತಿರುಗಿಸಿ ನೋಡಿದರು.

"ಚೆನ್ನಾಗಿದೆ, ಅಳಿಯಂದ್ರೇ. ಸೊಂಟದ ಹತ್ರ ಒಂಚೂರು ಬಿಗಿಯಾಯ್ತು, ಬಿಚ್ಚಿ ಹೊಲಿದುಕೊಡಿ."